ಆರು ಹಲ್ಲಿನ ಪಟ್ಟಿ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ನನ್ನನ್ನು ಬಲ್ಲವರೆಲ್ಲ ಹೇಳುತ್ತಾರೆ. ಸುಳ್ಳಲ್ಲ. ಆದರೆ ಐವತ್ತರ ದಶಕದಲ್ಲಿ, ಇಪ್ಪತ್ತರ ಹುಡುಗಿ ಕಂಪೌಂಡರ್ ಆಗುತ್ತೇನೆಂದರೆ ಸಿಟ್ಟಿಲ್ಲದೆ ಸಾಗುತ್ತಿರಲಿಲ್ಲ. ಅದು ಗಂಡಸರ ಕೆಲಸ ಎಂದವರಿಗೆಲ್ಲ ಉತ್ತರ ಕೊಡುವುದೇ ನನಗೊಂದು ಕೆಲಸವಾಗಿತ್ತು.

ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ ನಾಲ್ಕಾರು ವರ್ಷ ಮನೆಯಲ್ಲಿ ಕುಳಿತು ಬೇಸತ್ತ ಮೇಲೆ ನಮ್ಮೂರು ಬಾಗಲಕೋಟೆಯ ಒಂದು ದವಾಖಾನೆಯಲ್ಲಿ ಕೆಲಸ ಕಲಿಯಲು ಸೇರಿದೆ. ಆ ಓಣಿ ಈಗ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ಅಲ್ಲಿನ ಮುದುಕ ಕಂಪೌಂಡರು ನನ್ನ ಗುರು. ಆಗ ಗುಳಿಗೆ ಕಡಿಮೆ, ಕಲಸಿದ ಔಷಧವೇ ಹೆಚ್ಚು. ಬಾಟಲಿಯನ್ನು ರೋಗಿಗಳೇ ತರಬೇಕು. ಮೊದಲು ಅದನ್ನು ಮೂಸಿ ನೋಡಬೇಕು, ಯಾಕೆಂದರೆ ಸೀಮೆಎಣ್ಣೆಯ ಬಾಟಲಿಯನ್ನೇ ತೊಳೆದು ತರುವವರಿದ್ದರು. ಔಷಧ ತುಂಬಿದ ಮೇಲೆ ಬಾಟಲಿಯ ಪಕ್ಕಕ್ಕೆ ಒಂದು ಕಾಗದದ ಪಟ್ಟಿ ಅಂಟಿಸಬೇಕು. ಪಟ್ಟಿಯ ಅಂಚಿನಲ್ಲಿ ಹಲ್ಲು ಹಲ್ಲಾಗಿ ಕತ್ತರಿಸಿರುತ್ತಿತ್ತು. ಒಂದು ಹಲ್ಲಿನಷ್ಟು ಇಳಿದರೆ ಒಂದು ಸಲದ ಔಷಧ. ಓದು ಬಾರದವರಿಗೂ ತಿಳಿಯುವ ಲೆಕ್ಕ.

"ಮೊದಲ ಬಾಟ್ಲಿ ನೋಡು, ಆಮ್ಯಾಲೆ ಕತ್ರಿ ಹಿಡಿ. ಒಂದ ಬಾಟ್ಲಿ ತುಂಬು, ಒಂದ ಪಟ್ಟಿ ಹಚ್ಚು" ಎಂದು ಮುದುಕರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು.

ವರ್ಷ ಕಳೆದ ಮೇಲೆ ಇಳಕಲ್ಲಿನ ಒಬ್ಬ ಡಾಕ್ಟರಬಾಯಿ, ಎಂದರೆ ಲೇಡಿ ಡಾಕ್ಟರು, ನನ್ನನ್ನು ಕರೆಸಿಕೊಂಡರು. ಮೂರು ತಿಂಗಳು ನೋಡಿ ಆಮೇಲೆ ಕಾಯಂ ಮಾಡುತ್ತೇನೆ ಎಂದಿದ್ದರು. ನಮ್ಮಪ್ಪ ಸಾಲಿ ಮಾಸ್ತರರು. ಅವರದೂ ಒಂದು ಕರಾರು: "ಡಾಕ್ಟರಬಾಯಿ ಕಡಿಂದ ಒಂದ ದೂರು ಬಂದ್ರ ಮುಗೀತು ನೋಡವ್ವಾ. ಸುಮ್ಮನ ಮನಿಗೆ ಬರಬೇಕು." ನಾನು ಒಪ್ಪಿ ಬಂದಿದ್ದೆ. ಮನೆಗೆ ಮರಳುವುದೆಂದರೆ ಮತ್ತೆ ಅದೇ ಒಲೆ, ಅದೇ ಪಡಸಾಲೆ. ನನಗದು ಬೇಡವೇ ಬೇಡವಾಗಿತ್ತು.

ಇಳಕಲ್ಲಿನಲ್ಲಿ ಎರಡು ತಿಂಗಳು ಚೆಂದವಾಗಿ ಕಳೆದವು. ಹೆಣ್ಣುಮಕ್ಕಳು ಡಾಕ್ಟರಬಾಯಿಗೆ ಹೇಳಲು ನಾಚುವುದನ್ನು ಔಷಧ ಕೊಡುವ ನನ್ನ ಕಿಟಕಿಗೆ ಬಂದು ಪಿಸುಗುಟ್ಟುತ್ತಿದ್ದರು. ಎಲ್ಲರೂ ನನ್ನನ್ನು ಔಷಧಿ ಅಕ್ಕಾರು ಎನ್ನತೊಡಗಿದರು. ಸೊಕ್ಕು ಬರಲು ಇನ್ನೇನು ಬೇಕು? ಬಿಡುವಿದ್ದಾಗ ಕಾಗದ ಮಡಚಿ ಆರು ಹಲ್ಲಿನದೊಂದು ಕಟ್ಟು, ಹನ್ನೆರಡು ಹಲ್ಲಿನದೊಂದು ಕಟ್ಟು ಮೊದಲೇ ಕತ್ತರಿಸಿ ಇಡತೊಡಗಿದೆ. ಗುರುಗಳು ದಡ್ಡರು, ನಾನು ಜಾಣೆ ಎಂದುಕೊಂಡೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಸುಮ್ಮನೆ ಅಲ್ಲ.

ಒಂದು ಸಂತೆಯ ದಿನ ಗದ್ದಲವೋ ಗದ್ದಲ. ಎರಡೆರಡು ಬಾಟಲಿ ಒಟ್ಟಿಗೆ ತುಂಬಿ, ಕಟ್ಟಿನಿಂದ ಪಟ್ಟಿ ಎಳೆದು ಹಚ್ಚಿ ಕೊಟ್ಟೆ. ಮಧ್ಯಾಹ್ನ ಕಿಟಕಿ ಮುಚ್ಚಿ ಹೊರಗೆ ಬಂದರೆ ಹಳ್ಳಿಯ ಮುದುಕಿಯೊಬ್ಬಳು ಕಟ್ಟೆಯ ಮೇಲೆ ರೊಟ್ಟಿ ತಿನ್ನುತ್ತ ಕುಳಿತಿದ್ದಳು. ಪಕ್ಕದಲ್ಲಿದ್ದ ಅವಳ ಬಾಟಲಿಗೆ ಹನ್ನೆರಡು ಹಲ್ಲಿನ ಪಟ್ಟಿ ಇತ್ತು. ಅವಳಿಗೆ ಬೇಕಾಗಿದ್ದದ್ದು ಆರು. ಹಾಗಾದರೆ ಅವಳ ಜೊತೆಯಲ್ಲೇ ನಿಂತಿದ್ದ ನೇಕಾರರ ಹೆಣ್ಣುಮಗಳ ಬಾಟಲಿಗೆ ಆರರದು ಹೋಗಿದೆ. ಅದು ಅವಳ ನಾಲ್ಕು ವರ್ಷದ ಮಗನ ಕೆಮ್ಮಿನ ಔಷಧ. ಅದರಲ್ಲಿ ಚೂರು ಅಫೀಮಿನ ಅಂಶ ಇರುತ್ತಿತ್ತು. ಒಂದು ಹಲ್ಲು ಕುಡಿಸಿದರೆ ಕೂಸಿಗೆ ಎರಡು ಪಟ್ಟು.

ಮುದುಕಿಯ ಪಟ್ಟಿ ಕಿತ್ತು ಬೇರೆ ಹಚ್ಚಿದವಳೇ ನೇಕಾರರ ಓಣಿಗೆ ಓಡಿದೆ. ಹೆಣ್ಣುಮಕ್ಕಳು ಹಾಗೆ ಬೀದಿಯಲ್ಲಿ ಓಡಬಾರದು ಎಂಬುದೂ ನೆನಪಾಗಲಿಲ್ಲ.

ಆಕೆ ರಾಟೆಯ ಮುಂದೆ ಕುಳಿತು ನೂಲು ಸುತ್ತುತ್ತಿದ್ದಳು. ಹುಡುಗ ಮಗ್ಗದ ಹತ್ತಿರ ಆಡುತ್ತಿದ್ದ.

"ಔಷಧಿ ಕುಡಿಸಿದ್ರೇನು?" ಎಂದೆ.

"ಹೂಂರಿ ಅಕ್ಕಾರ, ಬಂದ ಕೂಡಲೆ ಕುಡಿಸೀನಿ" ಎಂದು ಆಕೆ ಗೂಡಿನಿಂದ ಬಾಟಲಿ ತಂದಳು.

ನನ್ನ ಆರು ಹಲ್ಲಿನ ಪಟ್ಟಿ ಹಾಗೇ ಇತ್ತು. ಆದರೆ ಒಂದೊಂದು ಹಲ್ಲಿನ ನಟ್ಟನಡುವೆ ಅರ್ಧಕ್ಕೆ ಸರಿಯಾಗಿ ಕೆಂಪು ರೇಷ್ಮೆಯ ಎಳೆಯೊಂದನ್ನು ಬಾಟಲಿಗೆ ಬಿಗಿದು ಕಟ್ಟಿತ್ತು. ಔಷಧ ಮೊದಲನೆಯ ಎಳೆಯವರೆಗೆ ಮಾತ್ರ ಇಳಿದಿತ್ತು.

"ಇದೇನಿದು?"

"ದಿನಕ್ಕ ಮೂರ ಸಲ, ನಾಕ ದಿನ ಅಂತ ನೀವ ಹೇಳಿದ್ರೆಲ್ಲರಿ. ಹನ್ನೆರಡ ಆಗಬೇಕು. ಪಟ್ಟ್ಯಾಗ ನೋಡಿದ್ರ ಆರ ಅದಾವು. ಅದಕ್ಕ ನಡುವ ಒಂದೊಂದ ಎಳಿ ಕಟ್ಟೀನಿ. ತಪ್ಪಾತೇನ್ರಿ?"

"ಇಲ್ಲ. ಸಾಲಿ ಕಲ್ತೀರೇನು?"

"ಎಲ್ಲೀದ್ರಿ. ಎಳಿ ಎಣಸೂದ ಒಂದ ಬರತೈತಿ. ಎಳಿ ತಪ್ಪಿದ್ರ ಸೀರಿ ಕೆಡತೈತೆಲ್ರಿ."

ನಾನು ಹೊಸ್ತಿಲಲ್ಲೇ ಕುಳಿತುಬಿಟ್ಟೆ. ತಪ್ಪು ನನ್ನದೆಂದು ಹೇಳಿದೆ. ಆಕೆ ನೀರು ಕೊಟ್ಟು, "ಇರಲಿ ಬಿಡ್ರಿ, ನಾ ಯಾರಿಗೂ ಹೇಳಂಗಿಲ್ಲ" ಎಂದಳು. ಅವಳ ಒಳ್ಳೆಯತನಕ್ಕೆ ನನಗೆ ಇನ್ನೂ ನಾಚಿಕೆಯಾಯಿತು.

ವಾಪಸು ಬರುವಾಗ ಮನಸ್ಸಿನೊಳಗೇ ಜಗಳ. ಸುಮ್ಮನಿದ್ದರೆ ಇನ್ನೊಂದು ತಿಂಗಳಿಗೆ ಕೆಲಸ ಕಾಯಂ. ಹೇಳಿದರೆ ಬಾಗಲಕೋಟೆ. ಆದರೆ ಈಕೆ ಎಣಿಸಿದಳು. ಎಣಿಸದವರು ಎಷ್ಟು ಮಂದಿಯೋ? ಎರಡು ತಿಂಗಳಲ್ಲಿ ಯಾರ ಬಾಟಲಿಗೆ ಯಾವುದನ್ನು ಹಚ್ಚಿದ್ದೇನೆ ಎಂದು ನನಗಾದರೂ ಏನು ಗೊತ್ತು? ಎರಡೂ ಕಟ್ಟುಗಳನ್ನು ಒಯ್ದು ಡಾಕ್ಟರಬಾಯಿಯ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಅವರು ಮಂಗಳಾರತಿ ಎತ್ತಿದರು. ಕೊನೆಗೆ, "ನಿಮ್ಮಪ್ಪಗ ಬರೀತೇನಿ" ಎಂದು ಒಳಗೆ ಹೋದರು.

ನಾಲ್ಕನೆಯ ದಿನ ಅಪ್ಪ ಬಂದೇ ಬಿಟ್ಟರು. ನಾನು ದಿನವೂ ಬಟ್ಟೆ ಕಟ್ಟಿಟ್ಟುಕೊಂಡೇ ಮೋಟಾರು ನಿಲ್ಲುವ ಜಾಗಕ್ಕೆ ಹೋಗಿ ಅವರ ದಾರಿ ನೋಡುತ್ತಿದ್ದೆ. ನೋಡಿದರೆ ಅಪ್ಪನ ಹೆಗಲ ಮೇಲೆ, ಕೆಲಸ ಕಾಯಂ ಆದ ಮೇಲೆ ತಂದರಾಯಿತೆಂದು ನಾನು ಮನೆಯಲ್ಲೇ ಬಿಟ್ಟು ಬಂದಿದ್ದ ನನ್ನ ಹಾಸಿಗೆಯ ಸುರುಳಿ.

"ಕರಕೊಂಡು ಹೋಗಾಕ ಬಂದು ಹಾಸಿಗಿ ಯಾಕ ತಂದ್ರಿ?" ಎಂದೆ.

"ಕರಕೊಂಡು ಹೋಗಾಕ ಅಂತ ಯಾರ ಹೇಳಿದ್ರು? ಇಲ್ಲೇ ಇರಾಕಿಗೆ ಹಾಸಿಗಿ ಬ್ಯಾಡೇನು?" ಎಂದು ಅಪ್ಪ ಕಿಸೆಯಿಂದ ಪತ್ರ ತೆಗೆದು ಕೊಟ್ಟರು. ಎರಡೇ ಸಾಲು: ನಿಮ್ಮ ಮಗಳು ತಪ್ಪು ಮಾಡಿ, ಯಾರೂ ಕೇಳದಿದ್ದರೂ ತಾನೇ ಬಂದು ಹೇಳಿದಳು. ಮುಂದಿನ ತಿಂಗಳ ದಾರಿ ಕಾಯದೆ ಈಗಲೇ ಕಾಯಂ ಮಾಡಿಕೊಂಡಿದ್ದೇನೆ.

"ಮನ್ಯಾಗ ಹುಟ್ಟಿದಾಗಿಂದ ಒಂದ ತಪ್ಪರೆ ಒಪ್ಪಿಕೊಂಡಿದ್ದೇನವ್ವಾ ನೀ?" ಎಂದರು ಅಪ್ಪ, ಕಣ್ಣು ಒರೆಸಿಕೊಳ್ಳುತ್ತ.

ಹಾಸಿಗೆಯನ್ನು ನಾನೇ ಇಸಿದುಕೊಂಡು ಹೊತ್ತೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಲಿಲ್ಲ. ಇದನ್ನು ನಮ್ಮ ಮನೆಯವರ ಎದುರಿಗೇ ಹೇಳುತ್ತೇನೆ.