ಚಿಕ್ಕಮ್ಮ ತೊಳೆದ ಮೂವತ್ತು ಬಾಟಲಿಗಳು

ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು, ಪದಗಳೂ ಕಡಿಮೆ. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟವಳು. ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ತಪ್ಪಾಗಬಾರದೆಂದು ಪ್ರತಿಯೊಂದನ್ನೂ ಚಿಕ್ಕಮ್ಮನ ಹತ್ತಿರ ಎರಡೆರಡು ಸಲ ಕೇಳಿ ಬರೆದಿದ್ದೇನೆ. ಎರಡನೇ ಸಲಕ್ಕೆ ಅವಳು ಬೈದದ್ದನ್ನು ಬರೆದಿಲ್ಲ.

ಚಿಕ್ಕಮ್ಮ ಹದಿನೇಳು ವರ್ಷದಿಂದ ಒಂದು ಪ್ರಯೋಗಾಲಯದಲ್ಲಿ ಗಾಜಿನ ಬಾಟಲಿ ತೊಳೆಯುತ್ತಾಳೆ. ಅಲ್ಲಿ ಕಾಯಿಲೆ ತರುವ ಕ್ರಿಮಿಗಳನ್ನು ಊಟ ಕೊಟ್ಟು ಸಾಕುತ್ತಾರೆ, ಆಮೇಲೆ ಕೊಲ್ಲಲು ನೋಡುತ್ತಾರೆ. ಅವಳ ನಿಯಮ ಒಂದೇ: ಸೋಪಿನಲ್ಲಿ ಉಜ್ಜಿದ ಬಾಟಲಿಯನ್ನು ನೀರಿನಲ್ಲಿ ಆರು ಸಲ ಜಾಲಿಸಬೇಕು.

ಕಳೆದ ತಿಂಗಳು ಅಲ್ಲಿನ ಮೇಡಂ ಯಾವುದೋ ಎಲೆಯ ರಸ ಹಾಕಿದ ಮೂವತ್ತು ಬಾಟಲಿಗಳಲ್ಲೂ ಕ್ರಿಮಿಗಳು ಸತ್ತವು. ರಸ ಹಾಕದ ಬಾಟಲಿಗಳಲ್ಲಿ ಸುಖವಾಗಿದ್ದವು. ದೊಡ್ಡ ಸಾಹೇಬರು ಕೇಕ್ ತರಿಸಿ ಭಾಷಣ ಬಿಗಿದರು. ಇನ್ನು ಇಪ್ಪತ್ತು ವರ್ಷಕ್ಕೆ ಗಾಯ ಕೀವಾಗುವುದೇ ಇಲ್ಲವಂತೆ, ಆಸ್ಪತ್ರೆಗಳು ಖಾಲಿ ಹೊಡೆಯುತ್ತವಂತೆ, ಮನುಷ್ಯ ನೂರೈವತ್ತು ವರ್ಷ ಬದುಕುತ್ತಾನಂತೆ.

ಚಿಕ್ಕಮ್ಮ ಕೇಕ್ ಮುಟ್ಟಲಿಲ್ಲ. ಆ ಮೂವತ್ತು ಬಾಟಲಿ ತೊಳೆದ ದಿನ ನಲ್ಲಿ ನಿಂತುಹೋಗಿತ್ತು. ಇದ್ದಬದ್ದ ನೀರಿನಲ್ಲಿ ಒಂದೇ ಸಲ ಜಾಲಿಸಿ ಒಣಗಲು ಇಟ್ಟಿದ್ದಳು. ರಸ ಹಾಕದ ಬಾಟಲಿಗಳನ್ನು ಹಿಂದಿನ ದಿನವೇ ಸರಿಯಾಗಿ ತೊಳೆದಿದ್ದಳು.

ಮನೆಗೆ ಬಂದು ಚಿಕ್ಕಪ್ಪನಿಗೆ ಹೇಳಿದಳು.

"ಬಾಯಿ ಮುಚ್ಕೊಂಡಿರು," ಎಂದರು ಚಿಕ್ಕಪ್ಪ. "ಹೇಳಿದ್ರೆ ಕೆಲಸ ಹೋಗುತ್ತೆ. ಅವರು ನೂರೈವತ್ತು ವರ್ಷ ಬದುಕೋಕೆ ಹೊರಟಿದ್ದಾರೆ, ನೀನ್ಯಾಕೆ ಅಡ್ಡ ಬರ್ತೀಯ?"

"ನಿಮ್ಮ ಜೊತೆ ನೂರೈವತ್ತು ವರ್ಷಾನಾ? ಅದಕ್ಕಾದ್ರೂ ಹೇಳ್ಲೇಬೇಕು."

ಮರುದಿನ ಬೆಳಿಗ್ಗೆ ಮೇಡಂ ಎದುರು ನಿಂತಳು. "ಮೇಡಂ, ನಿಮ್ಮ ಕ್ರಿಮಿಗಳನ್ನ ಕೊಂದಿದ್ದು ಎಲೆ ಅಲ್ಲ ಅನ್ಸುತ್ತೆ. ನನ್ನ ಸೋಪು."

ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು. "ಇದನ್ನ ಯಾರಿಗೆಲ್ಲ ಹೇಳಿದ್ದೀರಿ?"

"ನಮ್ಮ ಯಜಮಾನ್ರಿಗೆ. ಅವರ ಮಾತು ಯಾರೂ ಕೇಳಲ್ಲ ಬಿಡಿ."

ಅಂದೇ ಮೇಡಂ ಪ್ರಯೋಗವನ್ನು ಮತ್ತೆ ಮಾಡಿದರು. ಒಂದೇ ಸಲ ಜಾಲಿಸಿದ ಬಾಟಲಿಗಳಿಗೆ ಎಲೆಯ ರಸ ಹಾಕಲಿಲ್ಲ. ಆರು ಸಲ ಜಾಲಿಸಿದವಕ್ಕೆ ಹಾಕಿದರು. ಎರಡು ದಿನಕ್ಕೆ ಸೋಪಿನ ಬಾಟಲಿಯ ಕ್ರಿಮಿಗಳು ಸತ್ತವು. ಎಲೆಯ ರಸ ಕುಡಿದವುಗಳು ಮಕ್ಕಳು ಮರಿ ಮಾಡಿಕೊಂಡು ಸಂಸಾರ ಬೆಳೆಸಿದ್ದವು.

ಚಿಕ್ಕಮ್ಮನನ್ನು ಇವತ್ತೇ ಮನೆಗೆ ಕಳಿಸಿ ಎಂದು ದೊಡ್ಡ ಸಾಹೇಬರು ಹಾರಾಡಿದರು.

"ಇವರು ಹೇಳದೆ ಇದ್ದಿದ್ರೆ ನಾವು ಇದನ್ನ ಅಚ್ಚು ಹಾಕಿಸ್ತಿದ್ವಿ ಸರ್," ಎಂದರು ಮೇಡಂ. "ಆಮೇಲೆ ಬೇರೆಯವರು ಆರು ಸಲ ಜಾಲಿಸಿ ನಮ್ಮ ಮಾನ ಕಳೀತಿದ್ರು. ಇವರನ್ನ ಕಳಿಸೋದಾದ್ರೆ ಭಾಷಣ ಮಾಡಿದವರನ್ನೂ ಕಳಿಸ್ಬೇಕಾಗುತ್ತೆ."

ಸಾಹೇಬರು ಕನ್ನಡಕ ಒರೆಸಿಕೊಂಡು ಒಳಗೆ ಹೋದರು. ಚಿಕ್ಕಮ್ಮನ ಕೆಲಸ ಉಳಿಯಿತು. ಮನುಷ್ಯನ ಆಯುಸ್ಸು ಮೊದಲಿದ್ದಷ್ಟಕ್ಕೇ ಬಂದು ನಿಂತಿತು.

ಮೇಡಂ ಈಗ ಬೇರೆ ಎಲೆ ಹಿಡಿದಿದ್ದಾರೆ. ಸೋಮವಾರಕ್ಕೆ ಅರವತ್ತು ಬಾಟಲಿ ಬೇಕಂತೆ. ನಾಳೆ ಬೆಳಿಗ್ಗೆ ನಾನು ಚಿಕ್ಕಮ್ಮನ ಜೊತೆ ಹೋಗಿ ಅಲ್ಲಿನ ಎರಡು ಡ್ರಮ್ಮುಗಳಿಗೂ ನೀರು ತುಂಬಿಸಿಡುತ್ತೇನೆ.