ಕೆಲಗೇರಿ ಕೆರೆಗೆ ಹೋದ ಗೊಂಬೆಗಳು

ನಮ್ಮಪ್ಪ ಯಂಕಣ್ಣನಂಥ ಹಟಮಾರಿ ಇಡೀ ಧಾರವಾಡದಲ್ಲೇ ಇನ್ನೊಬ್ಬನಿಲ್ಲ. ತೊಗಲುಗೊಂಬೆ ಆಡಿಸುವವನು, ಪರದೆಯ ಹಿಂದೆ ಕೂತರೆ ಹೊಟ್ಟೆ ಹಸಿದದ್ದೂ ಗೊತ್ತಾಗುತ್ತಿರಲಿಲ್ಲ. ಈಗ ಆಟಕ್ಕೆ ಕರೆಯುವವರಿಲ್ಲ. ಪೆಟ್ಟಿಗೆಯಲ್ಲಿದ್ದ ಅಜ್ಜನ ಕಾಲದ ಗೊಂಬೆಗಳು ಮುಟ್ಟಿದರೆ ಹರಿಯುವಂತಾಗಿದ್ದವು, ಹೊಸದು ಕೊರೆಯಲು ಅಪ್ಪನ ಕೈ ನಡುಗುತ್ತಿತ್ತು. ಪೂರ್ತಿ ಹಾಳಾಗುವ ಮೊದಲು ಒಂದೊಂದರ ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಆಡಿಸಿ ಉಳಿಸಬೇಕೆಂದು ನನಗೆ ಹುಚ್ಚು ಹಿಡಿದಿತ್ತು.

ನಾನು ಕೆಲಸ ಮಾಡುವುದು ಹುಬ್ಬಳ್ಳಿಯ ಒಂದು ಅನಿಮೇಷನ್ ಕಚೇರಿಯಲ್ಲಿ. ಪೆಟ್ಟಿಗೆಯನ್ನೇ ಅಲ್ಲಿಗೆ ಒಯ್ದೆ. "ಮೊದ್ಲ ಒಂದ ಗೊಂಬಿ ಮಾಡಿ ತೋರಿಸವಾ ಭಾಗ್ಯಾ, ಉಳಿದಾವು ಆಮ್ಯಾಲೆ ನೋಡೂಣು" ಎಂದ ಮಾಲೀಕ ಅಂಬರೀಷ. ಅವನ ಕೆಲಸದ ನಡುವೆ ಸೀತೆಯೊಬ್ಬಳನ್ನು ಮಾಡುವಷ್ಟರಲ್ಲಿ ನನ್ನ ಜೀವ ಹಣ್ಣಾಯಿತು. ಅಷ್ಟಕ್ಕೇ ಆ ಪುಣ್ಯಾತ್ಮ ಜಾಗವಿಲ್ಲವೆಂದು ಪೆಟ್ಟಿಗೆಯನ್ನು ಮನೆಗೆ ಕಳಿಸಿಬಿಟ್ಟ.

ಸಂಜೆ ಅಪ್ಪನಿಗೆ ಲ್ಯಾಪ್‌ಟಾಪಿನಲ್ಲಿ ಸೀತೆಯನ್ನು ತೋರಿಸಿದೆ. ಅವಳು ಕಣ್ಣು ತೆರೆದು ಕತ್ತು ಹೊರಳಿಸಿದಳು.

"ಅಯ್ಯ ನಮ್ಮವ್ವ, ಖರೇನ ಜೀವ ಬಂದೈತಲ್ಲ!" ಎಂದು ಅಪ್ಪ ಕೈಮುಗಿದು ಅತ್ತ.

ನಮ್ಮಲ್ಲಿ ಹೊಸ ಗೊಂಬೆಗೆ ಕಣ್ಣು ಕೊರೆದರೆ ಅದಕ್ಕೆ ಜೀವ ಬಂದಂತೆ, ಆಮೇಲೆ ಹಳೆಯದನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಪೂಜೆ ಮಾಡಿ ನೀರಿಗೆ ಬಿಡಬೇಕು. ಪೆಟ್ಟಿಗೆ ಹುಬ್ಬಳ್ಳಿಗೆ ಹೋಗಿ ಬಂದಿದೆ ಎಂದಮೇಲೆ ಎಲ್ಲ ಗೊಂಬೆಗಳೂ ಕಂಪ್ಯೂಟರ್ ಸೇರಿವೆ ಅಂದುಕೊಂಡ ಅಪ್ಪ. ಬೆಳಿಗ್ಗೆ ನಾನೇಳುವಷ್ಟರಲ್ಲಿ ಪೆಟ್ಟಿಗೆ ಬರಿದಾಗಿತ್ತು. "ನಿಮ್ಮಪ್ಪ ಗಂಟು ಹೊತಗೊಂಡು ಕೆಲಗೇರಿ ಕೆರಿಗೆ ಹೋಗ್ಯಾರಲ್ಲ" ಎಂದಳು ರೊಟ್ಟಿ ಬಡಿಯುತ್ತಿದ್ದ ಅವ್ವ.

ಸ್ಕೂಟಿ ಓಡಿಸಿಕೊಂಡು ಹೋದರೆ, ಅಪ್ಪ ದಂಡೆಯಲ್ಲಿ ಬರಿಗೈಯಲ್ಲಿ ನಿಂತಿದ್ದ. ಚಪ್ಪಲಿ ಸಮೇತ ನೀರಿಗಿಳಿದೆ. ಸಿಕ್ಕಿದ್ದು ಮೆತ್ತಗಾದ ಒಂದು ತುಂಡು ತೊಗಲು. ಅದು ಯಾರ ಮುಖವೋ, ಬಣ್ಣವೆಲ್ಲ ನನ್ನ ಅಂಗೈಗೆ ಹತ್ತಿತು.

"ಬಿಡವಾ! ನೀರಿಗೆ ಬಿಟ್ಟದ್ದನ್ನ ವಾಪಸ್ ಮುಟ್ಟಬಾರ್ದು" ಎಂದು ಅಪ್ಪ ಗದರಿದ.

"ಏನ್ ಮಾಡಿಬಿಟ್ಟಿ ಅಪ್ಪಾ! ಸೀತವ್ವ ಒಬ್ಬಾಕೀನ ಆಗ್ಯಾಳ. ಉಳಿದವರದು ಒಂದ ಫೋಟೋ ಸೈತ ತಗದಿಲ್ಲ!"

ಅಪ್ಪ ನೀರಿನಂಚಿಗೆ ಬಂದ.

"ರಾಮಪ್ಪ?"

"ಇಲ್ಲ."

"ಹನುಮಪ್ಪ?"

ನಾನು ಅತ್ತುಬಿಟ್ಟೆ.

ಜನ್ಮದಲ್ಲಿ ಒಂದೂ ಪದ್ಧತಿ ಮುರಿಯದ ಮನುಷ್ಯ, ಧೋತರ ಎತ್ತಿ ಕಟ್ಟುವುದನ್ನೂ ಮರೆತು ಸೀದಾ ಕೆರೆಗಿಳಿದ. ಎರಡೂ ಕೈಯಿಂದ ಕೆಸರು ತಡಕಾಡಿದ, ಮುಳುಗಿ ಎದ್ದ. ಏನೂ ಸಿಗಲಿಲ್ಲ. ಕೊನೆಗೆ ಸೊಂಟಮಟ ನೀರಿನಲ್ಲಿ ನಿಂತು, ಆಟದಲ್ಲಿ ರಾಮ ಕರೆಯುವ ದನಿಯಲ್ಲಿ, "ಬಾರೋ ಹನುಮಾ, ಬಾರೋ" ಎಂದು ಕೂಗತೊಡಗಿದ.