ಗುತ್ಯಪ್ಪ ಕಡಿದ ತಾಯಿಬೇರು

ಬೇರಿನ ಪಾಠವನ್ನು ಬರೀ ಸೀಮೆಸುಣ್ಣದಲ್ಲಿ ಮುಗಿಸುವ ಮೇಷ್ಟರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ನಾನೂ ಹಾಗೆ ಮುಗಿಸುತ್ತಿದ್ದವನೇ, ಅದು ಬೇರೆ ಮಾತು. ನನ್ನನ್ನು ತಿದ್ದಿದವನು ಗುತ್ಯಪ್ಪ. ಬ್ಯಾಕೋಡಿನ ಕೆಳಗೆ, ಶರಾವತಿ ದಡದ ನಮ್ಮೂರಿನಲ್ಲಿ ಗಿಡ ಕಿತ್ತು ನೆಡುವ ಕೆಲಸಕ್ಕೆ ಎಲ್ಲರೂ ಕರೆಯುತ್ತಿದ್ದುದು ಅವನನ್ನೇ. ಒಂದು ದಿನ ನನ್ನ ಪಾಠ ಕಿಟಕಿಯಿಂದ ಕೇಳಿಸಿಕೊಂಡು, ಮರುದಿನ ಒಂದು ಅಡಿಕೆ ಸಸಿ, ಒಂದು ಮಾವಿನ ಸಸಿ ಹಿಡಿದು ಸೀದಾ ತರಗತಿಗೇ ನುಗ್ಗಿದ.

"ನೋಡ್ರಪ್ಪಾ, ಅಡಿಕೆಗೆ ದೊಡ್ಡ ಬೇರು, ಸಣ್ಣ ಬೇರು ಅಂತ ಇಲ್ಲ. ಎಲ್ಲಾ ನಾರೇ. ನಾಕು ಕಡಿದ್ರೆ ಮತ್ತೆ ನಾಕು ಬರ್ತಾವೆ. ಮಾವು, ಹಲಸು ಹಂಗಲ್ಲ. ತಾಯಿಬೇರು ಒಂದೇ. ಅದರ ತುದಿ ಸಿಗೋ ತನಕ ಅಗೀಬೇಕು. ಅರ್ಧಕ್ಕೆ ಕಡಿದ್ರೆ ಮುಗೀತು."

ನನ್ನ ಪುಸ್ತಕದಲ್ಲಿ ಇದಕ್ಕೆ ಎರಡು ಪುಟ ಹಿಡಿದಿತ್ತು.

ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲ. ಅರವತ್ಮೂರರಲ್ಲಿ ನಮ್ಮೂರು ಮುಳುಗುತ್ತದೆ, ಖಾಲಿ ಮಾಡಬೇಕೆಂದು ಆಯಿತು. ಜನ ಬಾಗಿಲು, ಹೆಂಚು ಕಿತ್ತರು. ಗಿಡ ಕೀಳಲು ಗುತ್ಯಪ್ಪ ಬೇಕಾದ. ಕೀಳುವ ಮೊದಲು ಕಾಂಡದ ಪೂರ್ವದ ಮಗ್ಗುಲಿಗೆ ಸುಣ್ಣದ ಬೊಟ್ಟಿಡುವನು, ಹೊಸ ಜಾಗದಲ್ಲೂ ಅದೇ ಮಗ್ಗುಲು ಸೂರ್ಯನಿಗೆ ಇರಬೇಕೆಂದು. ಬೇರಿನ ಮಣ್ಣುಂಡೆಯನ್ನು ಅಡಿಕೆ ಹಾಳೆಯಲ್ಲಿ ಸುತ್ತಿ ಬಳ್ಳಿಯಲ್ಲಿ ಬಿಗಿಯುವನು. ಅವನು ಕಿತ್ತುಕೊಟ್ಟ ಒಂದು ಮಾವಿನ ಗಿಡವೂ ಸತ್ತದ್ದು ನನಗೆ ಗೊತ್ತಿಲ್ಲ.

ಅವನ ಮನೆಯ ಹಿಂದಿನ ಪಾಳು ಹಕ್ಕಲಿನಲ್ಲಿ ಒಂದು ಹಲಸಿನ ಗಿಡವಿತ್ತು. ಅವನ ಒಬ್ಬಳೇ ಮಗಳು ಕನ್ನಮ್ಮ ತೊಳೆ ತಿಂದು ಬೀಜವನ್ನು ಬೆರಳಿನಿಂದ ಮಣ್ಣಿಗೊತ್ತಿ ಬೆಳೆಸಿದ್ದು. ಗಿಡ ಗೇಣುದ್ದವಾಗುವಷ್ಟರಲ್ಲಿ, ಆಷಾಢದ ಜ್ವರದಲ್ಲಿ, ಆರು ವರ್ಷದ ಆ ಹುಡುಗಿ ತೀರಿಕೊಂಡಳು. ಹೂಳಲು ಗಂಡಸರೇ ಹೋದದ್ದು. ಹೊಳೆದಡದಲ್ಲಿ ಮಣ್ಣು ಮಾಡಿದೆವೆಂದು ಗುತ್ಯಪ್ಪ ಹೆಂಡತಿ ಹುಲಿಗೆಮ್ಮನಿಗೆ ಹೇಳಿದ. ಅವಳಿಗೆ ಉಳಿದದ್ದು ಆ ಗಿಡ ಒಂದೇ. ಐದು ವರ್ಷ ದಿನಾ ಸಂಜೆ ಅದರ ಬುಡದಲ್ಲಿ ಕೂತಳು.

ಊರು ಬಿಡುವಾಗ ಅವಳು ಹಟ ಹಿಡಿದಳು. "ಪಾತ್ರೆ ಪಡಗ ಎಲ್ಲಾ ಇಲ್ಲೇ ಮುಳುಗ್ಲಿ. ಮಗಳ ಗಿಡ ಬಿಟ್ಟು ನಾ ಲಾರಿ ಹತ್ತೋದಿಲ್ಲ."

ಗುತ್ಯಪ್ಪ "ದೊಡ್ಡದಾಗಿದೆ, ಉಳಿಯಲ್ಲ" ಎಂದ.

"ಊರೋರ ಗಿಡ ಉಳೀತದೆ, ನನ್ನ ಮಗಳದ್ದು ಉಳಿಯಲ್ವಾ?"

ಲಾರಿ ಬರುವ ದಿನ ಬೆಳಿಗ್ಗೆ ಅವನು ಬೊಟ್ಟಿಟ್ಟು ಅಗೆಯಲು ಶುರುಮಾಡಿದ. ನಾನೂ ನಿಂತಿದ್ದೆ. ಎರಡು ಮೊಳ ಆಳಕ್ಕೆ ಹೋದವನು ಗುದ್ದಲಿ ಬದಿಗಿಟ್ಟ. ಬರಿಗೈಯಲ್ಲಿ ಮಣ್ಣು ಸವರಿದ. ಆಮೇಲೆ ಕತ್ತಿ ತೆಗೆದು ಹೆಬ್ಬೆರಳು ದಪ್ಪದ ತಾಯಿಬೇರನ್ನು ಒಂದೇ ಏಟಿಗೆ ಕಡಿದ. ನನಗೆ ಸಿಟ್ಟು ನೆತ್ತಿಗೇರಿತು. "ತುದಿ ತನಕ ಅಗೀಬೇಕು ಅಂದವನು ನೀನೇ ಅಲ್ಲವೇನೋ? ಹೆಂಡತಿ ಕೆಲಸ ಅಂತ ಸೋಮಾರಿತನವಾ?" ಎಂದು ಎಲ್ಲರೆದುರು ಬೈದೆ. ಅವನು ಗಿಡವನ್ನು ಮೇಲೆತ್ತಿ ಬದಿಗಿಟ್ಟ. ಹೊಂಡ ಮುಚ್ಚಿ ಕೈಯಿಂದ ತಟ್ಟಿ ತಟ್ಟಿ ಸಮ ಮಾಡಿದ. ನೀರಲ್ಲಿ ಮುಳುಗುವ ನೆಲವನ್ನು ಇವನ್ಯಾಕೆ ಇಷ್ಟು ನಾಜೂಕು ಮಾಡುತ್ತಾನೆ ಎಂದು ನನ್ನ ತಲೆಗೆ ಹೊಳೆಯಲಿಲ್ಲ. ಓದಿದ ದಡ್ಡ ನಾನು.

ಹುಂಚದ ಹತ್ತಿರ ಅವರಿಗೆ ಜಾಗ ಸಿಕ್ಕಿತು. ನನಗೂ ಅಲ್ಲಿಯ ಶಾಲೆಗೇ ವರ್ಗವಾಯಿತು. ಹಲಸು ಮೂರು ತಿಂಗಳಲ್ಲಿ ಒಣಗಿತು. ಹುಲಿಗೆಮ್ಮ ಒಣಗಿದ ಕಾಂಡವನ್ನು ಕೀಳಗೊಡಲಿಲ್ಲ. ಗಂಡನಿಗೆ ಅನ್ನ ಬಡಿಸುವಾಗೆಲ್ಲ "ಮಗಳ ಗಿಡ ಕೊಂದ ಕೈ" ಎನ್ನುತ್ತಿದ್ದಳು. ಅವನು ತಲೆ ತಗ್ಗಿಸಿ ಉಣ್ಣುತ್ತಿದ್ದ.

ಅರವತ್ತೆಂಟರ ಮಳೆಗಾಲದಲ್ಲಿ ಅವನು ಹಾಸಿಗೆ ಹಿಡಿದ. ನಾನು ನೋಡಲು ಹೋದಾಗ, ಹುಲಿಗೆಮ್ಮ ನೀರು ತರಲು ಹೋಗಿದ್ದಳು. ಗುತ್ಯಪ್ಪ ಮೆಲ್ಲಗೆ ಹೇಳಿದ:

"ಮಗಳು ಹೋದ ದಿನ ಹೊಳೆ ಏರಿತ್ತು ಮೇಷ್ಟ್ರೇ. ದಡದಲ್ಲಿ ಹೂಳಕ್ಕಾಗ್ಲಿಲ್ಲ. ಜೊತೆಗಿದ್ದೋರನ್ನ ಕಳಿಸಿ, ರಾತ್ರಿ ಅವಳ ಗಿಡದ ಬುಡದಲ್ಲೇ ಮಲಗ್ಸಿದ್ದೆ. ಗೊತ್ತಾದ್ರೆ ಇವಳು ಅಲ್ಲೇ ಬಿದ್ದುಕೊಳ್ತಾಳೆ ಅಂತ ಹೇಳ್ಲಿಲ್ಲ. ಬೇರು ಸೀದಾ ಮಗಳ ಕಡೆಗೇ ಇಳಿದಿತ್ತು. ಇನ್ನು ಹ್ಯಾಂಗೆ ಅಗೀಲಿ?"

ನಾನು ಬೈದದ್ದಕ್ಕೆ ಕ್ಷಮೆ ಕೇಳಲಿಲ್ಲ. ವಾರದೊಳಗೆ ಅವನು ಹೋದ.

ಹನ್ನೊಂದನೆಯ ದಿನ ಹುಲಿಗೆಮ್ಮ ಅಂಗಳದ ಒಣ ಕಾಂಡಕ್ಕೆ ಒರಗಿ ಕೂತಿದ್ದಳು. ಪೂರ್ವದ ಮಗ್ಗುಲಲ್ಲಿ ಸುಣ್ಣದ ಬೊಟ್ಟು ಇನ್ನೂ ಮಸುಕಾಗಿ ಕಾಣುತ್ತಿತ್ತು. "ಒಳ್ಳೇ ಮನುಷ್ಯ ಮೇಷ್ಟ್ರೇ. ಅದೊಂದು ಬೇರು ಯಾಕೆ ಹಂಗೆ ಕಡಿದ್ರೋ" ಎಂದಳು. ನನಗೆ ತಡೆಯಲಾಗಲಿಲ್ಲ. ಎಲ್ಲಾ ಹೇಳಿಬಿಟ್ಟೆ.

ಅವಳು ಸುಣ್ಣದ ಬೊಟ್ಟಿನ ಮೇಲೆ ಬೆರಳಿಟ್ಟಳು.

"ಗುದ್ದಲಿ ಅವಳಿಗೆ ತಾಗ್ಲಿಲ್ಲ ಅಲ್ವಾ?"

"ಇಲ್ಲಮ್ಮ. ಮೇಲೇ ನಿಲ್ಲಿಸಿದ."

"ಐದು ವರ್ಷ ಬೈದೆನಲ್ಲ ಮೇಷ್ಟ್ರೇ," ಎಂದಳು. "ಉಣ್ಣೋವಾಗೆಲ್ಲ ಬೈದೆ."